ಕಂದನ ಮೂತ್ರಪಿಂಡದಲ್ಲಿ ನೀರು: ಅಂಜಿಕೆಯೂ ಸಲ್ಲದು, ಅಲಕ್ಷ್ಯವೂ ಸಲ್ಲದು

ಗರ್ಭಿಣಿಯ ಐದನೆಯ ತಿಂಗಳಿನ ಸ್ಕ್ಯಾನಿಂಗ್ ವರದಿಯಲ್ಲಿ ಕಾಣಿಸಿಕೊಳ್ಳುವ ಒಂದು ಸಾಲು ಇಂದು ಎಷ್ಟೋ ಮನೆಗಳ ನಿದ್ದೆ ಕೆಡಿಸುತ್ತಿದೆ. “ಮಗುವಿನ ಕಿಡ್ನಿಯಲ್ಲಿ ತುಸು ನೀರು ನಿಂತಂತಿದೆ, ಹೆರಿಗೆಯಾದ ಮೇಲೆ ಮತ್ತೊಮ್ಮೆ ನೋಡಬೇಕು” ಎಂದು ವೈದ್ಯರು ಹೇಳಿ ಕಳುಹಿಸುತ್ತಾರೆ. ಗಡಿಯಾಚೆಯ ಕನ್ನಡಿಗರಾದ ನಮ್ಮ ಮಟ್ಟಿಗೆ ಇದರಲ್ಲಿ ಇನ್ನೊಂದು ತೊಡಕು ಸೇರಿಕೊಂಡಿದೆ. ವರದಿ ಇರುವುದು ಇಂಗ್ಲಿಷಿನಲ್ಲಿ. ವೈದ್ಯರು ವಿವರಿಸುವುದು ಮಲಯಾಳದಲ್ಲೋ, ತಮಿಳಿನಲ್ಲೋ, ಮರಾಠಿ ಅಥವಾ ತೆಲುಗಿನಲ್ಲೋ. ಮನೆಯಲ್ಲಿ ಅತ್ತೆ, ಅಜ್ಜಿಯರು ಪ್ರಶ್ನೆ ಕೇಳುವುದು ಕನ್ನಡದಲ್ಲಿ. ಮೂರು ಭಾಷೆಗಳನ್ನು ದಾಟಿ ಬರುವಷ್ಟರಲ್ಲಿ ವಿಷಯ ಸೋರಿಹೋಗಿ ಹೆದರಿಕೆಯೊಂದೇ ಉಳಿದುಕೊಳ್ಳುತ್ತದೆ.

ಈ ಮಾತನ್ನು ಕೇಳಿ ಕೆಲವರು ಮಗುವಿನ ಬಾಳೇ ಮುಗಿಯಿತೆಂದು ಕಂಗಾಲಾಗುತ್ತಾರೆ. ಇನ್ನು ಕೆಲವರು, ಹುಟ್ಟಿದ ಮಗು ಮೈತುಂಬಿಕೊಂಡು ನಗುನಗುತ್ತಿರುವುದನ್ನು ಕಂಡು ಆ ಮಾತನ್ನೇ ಮರೆತುಬಿಡುತ್ತಾರೆ. ಎರಡೂ ತಪ್ಪು. ಇಂತಹ ಮಕ್ಕಳು ಬೆಳೆದು ದೊಡ್ಡವರಾದಾಗ ಅವರ ಆರೋಗ್ಯ ಹೇಗಿರುತ್ತದೆ, ಯಾರು ನಿಶ್ಚಿಂತರಾಗಿರಬಹುದು, ಯಾರ ವಿಷಯದಲ್ಲಿ ಬಹುಕಾಲ ಎಚ್ಚರ ಬೇಕು ಎಂಬುದನ್ನು ಈ ಲೇಖನದಲ್ಲಿ ತಿಳಿದುಕೊಳ್ಳಲು ಯತ್ನಿಸೋಣ.

ಇದು ರೋಗದ ಹೆಸರಲ್ಲ

ನಮ್ಮ ಬೆನ್ನಿನ ಇಬ್ಬದಿಗಳಲ್ಲಿರುವ ಮೂತ್ರಪಿಂಡಗಳು ರಕ್ತವನ್ನು ಸೋಸಿ ಮೂತ್ರವನ್ನು ತಯಾರಿಸುತ್ತವೆ. ಈ ಮೂತ್ರ ಮೊದಲು ಪಿಂಡದೊಳಗಿನ ಆಲಿಕೆಯಾಕಾರದ ಕುಹರದಲ್ಲಿ ಕೂಡಿಕೊಂಡು, ಅಲ್ಲಿಂದ ಸಪೂರವಾದ ಮೂತ್ರನಾಳದ ಮೂಲಕ ಕಿಬ್ಬೊಟ್ಟೆಯಲ್ಲಿರುವ ಮೂತ್ರಕೋಶಕ್ಕೆ ಇಳಿದು, ಕೊನೆಗೆ ಹೊರಬೀಳುತ್ತದೆ. ಊರ ಕೆರೆಯನ್ನು ಬಲ್ಲವರಿಗೆ ಇದು ಸುಲಭವಾಗಿ ತಿಳಿದೀತು. ಕೆರೆಯ ತೂಬು ಕಟ್ಟಿಕೊಂಡರೆ ನೀರು ತುಂಬಿ ಕಾಲುವೆಯಲ್ಲಿ ಹಿಂದಕ್ಕೇರುತ್ತದೆ. ಕಾಲುವೆಯೇ ನಡುವೆ ಇಕ್ಕಟ್ಟಾದರೆ ಅದರ ಮೇಲ್ಗಡೆಯಲ್ಲಿ ನೀರು ನಿಲ್ಲುತ್ತದೆ. ಮೂತ್ರಮಾರ್ಗವೂ ಹಾಗೆಯೇ. ಎಲ್ಲಿಯಾದರೂ ಹರಿವು ನಿಧಾನವಾದರೆ, ಅಥವಾ ಮೂತ್ರ ಹಿಮ್ಮುಖವಾಗಿ ಹರಿದರೆ, ಮೇಲಿನ ಭಾಗ ಹಿಗ್ಗುತ್ತದೆ. ವರದಿಯಲ್ಲಿ ಬರೆದಿರುವ ಹೈಡ್ರೊನೆಫ್ರೋಸಿಸ್, ಪೆಲ್ವಿಯೆಕ್ಟಾಸಿಸ್, ಯು.ಟಿ.ಡಿ. ಎಂಬ ಪದಗಳೆಲ್ಲ ಈ ಹಿಗ್ಗುವಿಕೆಯನ್ನೇ ಹೇಳುತ್ತವೆ. ಅದು ಒಂದು ಅಳತೆಯೇ ಹೊರತು ರೋಗದ ನಿರ್ಣಯವಲ್ಲ.

ಅಳತೆಯ ಲೆಕ್ಕ ಹೀಗಿದೆ: ಗರ್ಭದ 28 ವಾರಗಳಿಗೆ ಮುನ್ನ ಆ ಕುಹರದ ಅಗಲ 4 ಮಿಲಿಮೀಟರಿಗೂ, ಅನಂತರ 7 ಮಿಲಿಮೀಟರಿಗೂ ಒಳಗಿದ್ದರೆ ಸಹಜ. ಹುಟ್ಟಿದ ಮೇಲೆ 10 ಮಿಲಿಮೀಟರಿನವರೆಗೆ ಸಾಮಾನ್ಯವಾಗಿ ಚಿಂತೆಯಿಲ್ಲ. ಅಗಲದ ಜೊತೆಗೆ ಪಿಂಡದ ತಿರುಳು ತೆಳುವಾಗಿದೆಯೇ, ಮೂತ್ರನಾಳವೂ ಹಿಗ್ಗಿದೆಯೇ, ಮೂತ್ರಕೋಶದ ಗೋಡೆ ದಪ್ಪವಾಗಿದೆಯೇ, ಮಗುವಿನ ಸುತ್ತಲಿನ ಗರ್ಭಜಲ ಸಾಕಷ್ಟಿದೆಯೇ ಎಂಬುದನ್ನೂ ವೈದ್ಯರು ನೋಡುತ್ತಾರೆ. ಇವೆಲ್ಲವನ್ನೂ ಸೇರಿಸಿ ಅಪಾಯದ ಪ್ರಮಾಣವನ್ನು ವಿಂಗಡಿಸುವ ಒಂದು ಪದ್ಧತಿಯನ್ನು 2014ರಲ್ಲಿ ಹಲವು ವೈದ್ಯಸಂಸ್ಥೆಗಳು ಕೂಡಿ ರೂಪಿಸಿದವು.

ನೂರು ಬಸುರಿಗಳಲ್ಲಿ ಒಂದೆರಡು ಮಂದಿಯ ಮಗುವಿನಲ್ಲಾದರೂ ಇದು ಕಾಣುತ್ತದೆ. ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಲ್ಲಿ ಹೆಚ್ಚು. ತಾಯಿ ನೀರು ಹೆಚ್ಚು ಕುಡಿದುದರಿಂದಲೋ, ತಿನ್ನಬಾರದ್ದನ್ನು ತಿಂದುದರಿಂದಲೋ, ಗ್ರಹಣದಲ್ಲಿ ಹೊರಗೆ ಬಂದುದರಿಂದಲೋ ಇದು ಆಗುವುದಿಲ್ಲ. ಸೊಸೆಯನ್ನು ದೂರುವ ಹಿರಿಯರು ಈ ಮಾತನ್ನು ದಯವಿಟ್ಟು ಗಮನಿಸಬೇಕು.

ಹಿಂದೆ ಗೊತ್ತಾಗುತ್ತಿದ್ದುದು ತಡವಾಗಿ

ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರದ ಪ್ರಸೂತಿ ವೈದ್ಯ ಇಯಾನ್ ಡೊನಾಲ್ಡ್ ಅವರು ಶಬ್ದದ ಅಲೆಗಳಿಂದ ಹೊಟ್ಟೆಯೊಳಗನ್ನು ನೋಡುವ ವಿಧಾನವನ್ನು 1958ರಲ್ಲಿ ಪ್ರಕಟಿಸಿದರು. ಗರ್ಭಸ್ಥ ಶಿಶುವಿನ ಮೂತ್ರಪಿಂಡವನ್ನು ಸ್ಪಷ್ಟವಾಗಿ ಕಾಣಲು ಸಾಧ್ಯವಾದುದು ಇನ್ನೂ ಈಚೆಗೆ. ಅದಕ್ಕೆ ಮುಂಚೆ ಮಗುವಿಗೆ ಪದೇ ಪದೇ ಜ್ವರ ಬಂದಾಗ, ಹೊಟ್ಟೆಯಲ್ಲಿ ಗಡ್ಡೆ ಕೈಗೆ ಸಿಕ್ಕಿದಾಗ, ಮೂತ್ರದಲ್ಲಿ ರಕ್ತ ಕಂಡಾಗ ಮಾತ್ರ ದೋಷ ಗೊತ್ತಾಗುತ್ತಿತ್ತು. ಅಷ್ಟರಲ್ಲಿ ಪಿಂಡ ಕೆಟ್ಟುಹೋಗಿರುವುದೂ ಉಂಟು. ಆ ಕಾಲದಲ್ಲಿ ವೈದ್ಯರ ಕಣ್ಣಿಗೆ ಬಿದ್ದುದು ಕಾಯಿಲೆ ಬಿದ್ದ ಮಕ್ಕಳು ಮಾತ್ರ. ತಾವಾಗಿಯೇ ಸರಿಹೋದವರು ಯಾರ ಲೆಕ್ಕಕ್ಕೂ ಬರಲಿಲ್ಲ. ಗರ್ಭದಲ್ಲಿಯೇ ಗುರುತಿಸಿ ವರ್ಷಗಟ್ಟಲೆ ಬೆನ್ನುಹತ್ತಿ ನೋಡಿದ ಮೇಲಷ್ಟೇ ಸಮಾಧಾನದ ಸುದ್ದಿ ಹೊರಬಿತ್ತು.

ಬಹುಪಾಲು ಮಕ್ಕಳು ಪಾರು

ಗರ್ಭದಲ್ಲಿ ಕಂಡ ಹಿಗ್ಗುವಿಕೆಯಲ್ಲಿ ಅರ್ಧಕ್ಕಿಂತ ಹೆಚ್ಚು ತಾತ್ಕಾಲಿಕ. ಬೆಳೆಯುತ್ತಿರುವ ನಾಳದಲ್ಲಿ ಇರುವ ಸಣ್ಣ ಮಡಿಕೆಗಳು, ಇಕ್ಕಟ್ಟುಗಳು ಮಗು ಬೆಳೆದಂತೆ ಸಡಿಲಗೊಳ್ಳುತ್ತವೆ. ಅಲ್ಪ ಪ್ರಮಾಣದ ಹಿಗ್ಗುವಿಕೆಯಾದರೆ, ಹೆಚ್ಚಿನವರಲ್ಲಿ ಅದು ಎರಡು ಮೂರು ವರ್ಷ ತುಂಬುವುದರೊಳಗೆ ಮಾಯವಾಗುತ್ತದೆ ಅಥವಾ ಬೆಳೆಯದೆ ನಿಂತುಬಿಡುತ್ತದೆ. ಇಂತಹ ಮಕ್ಕಳಿಗೆ ಔಷಧವೂ ಬೇಡ, ಶಸ್ತ್ರಚಿಕಿತ್ಸೆಯೂ ಬೇಡ. ಅವರು ಎಲ್ಲರಂತೆ ಆಡುತ್ತಾರೆ, ಓದುತ್ತಾರೆ, ಮದುವೆಯಾಗುತ್ತಾರೆ.

ಆದರೆ ಯಾರು ಈ ಗುಂಪಿಗೆ ಸೇರಿದವರು ಎಂಬುದನ್ನು ಮಗುವಿನ ಮುಖ ನೋಡಿ ಹೇಳಲಾಗದು, ಸ್ಕ್ಯಾನಿಂಗೇ ಹೇಳಬೇಕು. ಹುಟ್ಟಿದ ಮೊದಲ ಎರಡು ದಿನ ಶಿಶುವಿನ ಮೂತ್ರ ಕಡಮೆ ಇರುವುದರಿಂದ ಹಿಗ್ಗುವಿಕೆ ಇದ್ದುದಕ್ಕಿಂತ ಕಿರಿದಾಗಿ ಕಂಡೀತು. ಆದುದರಿಂದ ಮೊದಲನೆಯ ಸ್ಕ್ಯಾನಿಂಗನ್ನು 48 ಗಂಟೆಗಳ ಬಳಿಕ, ಮೊದಲ ವಾರದೊಳಗೆ ಮಾಡುತ್ತಾರೆ. ಅದು ಸರಿಯಾಗಿದ್ದರೂ 4ರಿಂದ 6 ವಾರಗಳಾದಾಗ ಎರಡನೆಯದು ಅವಶ್ಯ. “ಒಮ್ಮೆ ನೋಡಿದ್ದಾಯಿತು, ಏನೂ ಇಲ್ಲ” ಎಂದು ಎರಡನೆಯದನ್ನು ಬಿಡುವುದೇ ನಮ್ಮಲ್ಲಿ ಹೆಚ್ಚಾಗಿ ನಡೆಯುವ ತಪ್ಪು. ಎರಡೂ ಪಿಂಡಗಳು ತೀವ್ರವಾಗಿ ಹಿಗ್ಗಿದ್ದರೆ, ಒಂದೇ ಪಿಂಡವಿದ್ದರೆ ಅಥವಾ ಗರ್ಭಜಲ ಕಡಮೆಯಿದ್ದರೆ ಮಾತ್ರ 48 ಗಂಟೆ ಕಾಯದೆ ಹುಟ್ಟಿದೊಡನೆಯೇ ಪರೀಕ್ಷೆ ನಡೆಯತಕ್ಕದ್ದು.

ಕಾದು ನೋಡುವ ಚಿಕಿತ್ಸೆ

ಉಳಿದವರಲ್ಲಿ ಮುಖ್ಯವಾದ ಒಂದು ಗುಂಪು, ಪಿಂಡದ ಕುಹರವೂ ಮೂತ್ರನಾಳವೂ ಕೂಡುವ ಎಡೆ ಇಕ್ಕಟ್ಟಾಗಿರುವವರದು. ಒಂದು ಕಾಲದಲ್ಲಿ ಇಂತಹ ಮಕ್ಕಳಿಗೆ ಬೇಗನೆ ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ಹಿಗ್ಗುವಿಕೆ ದೊಡ್ಡದಾಗಿದ್ದರೂ ಪಿಂಡ ಚೆನ್ನಾಗಿ ಕೆಲಸ ಮಾಡುತ್ತಿದ್ದರೆ ಕಾದು ನೋಡಬಹುದು, ಬಹಳ ಮಂದಿಗೆ ಶಸ್ತ್ರಚಿಕಿತ್ಸೆಯೇ ಬೇಕಾಗುವುದಿಲ್ಲ ಎಂಬುದು ಈಗ ಸಿದ್ಧವಾಗಿದೆ. ಪಿಂಡಗಳೆರಡೂ ಎಷ್ಟೆಷ್ಟು ಪಾಲು ಕೆಲಸ ಮಾಡುತ್ತಿವೆ ಎಂಬುದನ್ನು ಅಲ್ಪ ಪ್ರಮಾಣದ ವಿಕಿರಣವಸ್ತುವನ್ನು ಚುಚ್ಚಿ ಮಾಡುವ ರೀನೊಗ್ರಾಂ ಪರೀಕ್ಷೆಯಿಂದ ತಿಳಿಯುತ್ತಾರೆ. ಒಂದು ಪಿಂಡದ ಪಾಲು ನೂರಕ್ಕೆ 40ಕ್ಕಿಂತ ಕೆಳಗಿದ್ದರೆ, ಪರೀಕ್ಷೆಯಿಂದ ಪರೀಕ್ಷೆಗೆ ಅದು ಇಳಿಯುತ್ತಿದ್ದರೆ, ಹಿಗ್ಗುವಿಕೆ ಏರುತ್ತಿದ್ದರೆ, ಇಲ್ಲವೆ ನೋವು, ಸೋಂಕು ಬಂದರೆ ಶಸ್ತ್ರಚಿಕಿತ್ಸೆ ಮಾಡಬೇಕಾಗುತ್ತದೆ.

ಇಕ್ಕಟ್ಟಾದ ತುಂಡನ್ನು ಕತ್ತರಿಸಿ ತೆಗೆದು ನಾಳವನ್ನು ಮತ್ತೆ ಜೋಡಿಸುವ ಈ ವಿಧಾನವನ್ನು 1949ರಲ್ಲಿ ಆಂಡರ್ಸನ್ ಮತ್ತು ಹೈನ್ಸ್ ಎಂಬ ವೈದ್ಯರು ವರ್ಣಿಸಿದರು. ಇಂದಿಗೂ ಅದೇ ನಡೆದು ಬಂದಿದೆ; ನೂರರಲ್ಲಿ 90ಕ್ಕಿಂತ ಹೆಚ್ಚು ಮಕ್ಕಳಲ್ಲಿ ಸಫಲವಾಗುತ್ತದೆ. ಇಲ್ಲೊಂದು ವಿಷಯವನ್ನು ತಂದೆತಾಯಿಗಳು ನೆನಪಿಟ್ಟುಕೊಳ್ಳಬೇಕು. ಶಸ್ತ್ರಚಿಕಿತ್ಸೆ ಗುಣವಾದರೂ ಬಹುದಿನ ಹಿಗ್ಗಿದ್ದ ಕುಹರ ಒಮ್ಮೆಲೇ ಕುಗ್ಗುವುದಿಲ್ಲ. ತಿಂಗಳುಗಳು, ಕೆಲವೊಮ್ಮೆ ವರ್ಷಗಳ ತನಕ ವರದಿಯಲ್ಲಿ ಅದೇ ಪದ ಕಾಣುತ್ತಿರಬಹುದು. ಅದನ್ನು ಕಂಡು “ಆಪರೇಶನ್ ಕೆಟ್ಟಿತು” ಎಂದು ಗಾಬರಿಗೊಂಡು ವೈದ್ಯರಿಂದ ವೈದ್ಯರಿಗೆ ಅಲೆಯುವುದು ಬೇಡ. ಹಿಂದಿನ ಅಳತೆಯೊಂದಿಗೆ ಇಂದಿನದನ್ನು ಹೋಲಿಸಿದಾಗಲೇ ನಿಜ ತಿಳಿಯುತ್ತದೆ.

ಹಿಮ್ಮುಖ ಹರಿವು

ಮೂತ್ರಕೋಶಕ್ಕೆ ಇಳಿದ ಮೂತ್ರ ಮರಳಿ ಮೇಲೇರದಂತೆ ನಾಳದ ಬಾಯಿಯಲ್ಲಿ ಒಂದು ಏರ್ಪಾಡಿದೆ. ಅದು ಸಡಿಲವಾಗಿದ್ದರೆ ಮೂತ್ರ ಹಿಮ್ಮುಖವಾಗಿ ಪಿಂಡದವರೆಗೆ ಏರುತ್ತದೆ. ಇದನ್ನು ವೈದ್ಯರು 1ರಿಂದ 5ರವರೆಗೆ ದರ್ಜೆಗಳಾಗಿ ಗುರುತಿಸುತ್ತಾರೆ. ಕೆಳಗಿನ ದರ್ಜೆಯವು ಬೆಳೆದಂತೆ ಬಹುಮಟ್ಟಿಗೆ ತಾವಾಗಿಯೇ ಸರಿಹೋಗುತ್ತವೆ. 4, 5ನೆಯ ದರ್ಜೆಯವು ಹಾಗೆ ಸರಿಹೋಗುವುದು ಕಡಮೆ.

ಇಲ್ಲಿನ ದೊಡ್ಡ ಶತ್ರು ಸೋಂಕು. ಮೇಲೇರಿದ ಮೂತ್ರದಲ್ಲಿ ರೋಗಾಣುಗಳಿದ್ದು ಜ್ವರ ಬಂದರೆ ಪಿಂಡದ ತಿರುಳಿನಲ್ಲಿ ಕಲೆ ಉಳಿಯಬಹುದು. ಆ ಕಲೆಗಳೇ ಮುಂದೆ ಹರೆಯದಲ್ಲಿ ರಕ್ತದೊತ್ತಡಕ್ಕೆ ಕಾರಣವಾಗಬಲ್ಲವು. ದಿನವೂ ಸಣ್ಣ ಪ್ರಮಾಣದ ಆಂಟಿಬಯಾಟಿಕ್ ಕೊಡುವುದರಿಂದ ಲಾಭವಿದೆಯೇ ಎಂದು ಅಮೆರಿಕದಲ್ಲಿ 607 ಮಕ್ಕಳ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2014ರಲ್ಲಿ ಹೊರಬಂತು. ಸೋಂಕು ಮರುಕಳಿಸುವುದು ಅರ್ಧದಷ್ಟು ಇಳಿಯಿತು, ಆದರೆ ಪಿಂಡದ ಕಲೆಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದುದರಿಂದ ಈ ಔಷಧವನ್ನು ಯಾರಿಗೆ, ಎಷ್ಟು ಕಾಲ ಕೊಡಬೇಕೆಂಬುದನ್ನು ವೈದ್ಯರು ಮಗುವನ್ನು ನೋಡಿಯೇ ನಿರ್ಧರಿಸುತ್ತಾರೆ. ನೆರೆಮನೆಯ ಮಗುವಿಗೆ ಕೊಟ್ಟರು, ನಮ್ಮದಕ್ಕೆ ಕೊಡಲಿಲ್ಲ ಎಂದು ಸಂಶಯಪಡಬೇಕಾಗಿಲ್ಲ.

ಗಂಡುಶಿಶುಗಳ ಒಂದು ಗಂಡಾಂತರ

ಎಲ್ಲಕ್ಕಿಂತ ಕಠಿಣವಾದುದು ಮೂತ್ರಕೋಶದ ಕೆಳಗಡೆಯೇ ತೆಳುಪೊರೆಯೊಂದು ದಾರಿಗೆ ಅಡ್ಡಬರುವುದು. ಕೆರೆಯ ತೂಬೇ ಕಟ್ಟಿಕೊಂಡಂತೆ ಇದು. ಗಂಡುಮಕ್ಕಳಲ್ಲಿ ಮಾತ್ರ ಕಾಣುವ ಈ ದೋಷ 5,000ದಿಂದ 8,000 ಗಂಡುಶಿಶುಗಳಲ್ಲಿ ಒಬ್ಬನಿಗೆ ಇರಬಹುದು. ಎರಡೂ ಪಿಂಡಗಳು, ಎರಡೂ ನಾಳಗಳು, ಮೂತ್ರಕೋಶ ಎಲ್ಲವೂ ಗರ್ಭದಲ್ಲಿಯೇ ಒತ್ತಡಕ್ಕೆ ಸಿಕ್ಕಿರುತ್ತವೆ. ಹುಟ್ಟಿದ ಕೆಲವೇ ದಿನಗಳಲ್ಲಿ ದುರ್ಬೀನು ತೂರಿಸಿ ಪೊರೆಯನ್ನು ತೆಗೆದುಹಾಕುತ್ತಾರೆ.

ದಾರಿ ತೆರೆದೊಡನೆ ಕಥೆ ಮುಗಿಯುವುದಿಲ್ಲ. ಗರ್ಭದ ಸುಮಾರು 36ನೆಯ ವಾರಕ್ಕೆ ಮೂತ್ರಪಿಂಡದಲ್ಲಿ ರಕ್ತವನ್ನು ಸೋಸುವ ಸೂಕ್ಷ್ಮ ಘಟಕಗಳ ರಚನೆ ಮುಗಿದಿರುತ್ತದೆ. ಅನಂತರ ಹೊಸದು ಹುಟ್ಟುವುದಿಲ್ಲ. ಹುಟ್ಟುವಾಗಲೇ ಅವು ಕಡಮೆಯಿದ್ದರೆ, ಇದ್ದಷ್ಟರಿಂದಲೇ ಆ ಹುಡುಗ ಬಾಳಬೇಕು. ಎಳೆಯ ಮೈಗೆ ಅಷ್ಟು ಸಾಕಾದೀತು. ಹದಿಹರೆಯದಲ್ಲಿ ಮೈ ಬೆಳೆದಾಗ ಸಾಲದೆ ಹೋಗಬಹುದು. ಇಂತಹ ಹುಡುಗರಲ್ಲಿ ಐವರಲ್ಲಿ ಒಬ್ಬರಿಂದ ಮೂವರಲ್ಲಿ ಒಬ್ಬರವರೆಗೆ ಕಾಲಕ್ರಮದಲ್ಲಿ ಡಯಾಲಿಸಿಸ್ ಅಥವಾ ಪಿಂಡದ ಕಸಿ ಬೇಕಾಗುವುದನ್ನು ವೈದ್ಯರು ಕಂಡಿದ್ದಾರೆ. ಮೂತ್ರಕೋಶದ ಗೋಡೆ ಬಿರುಸಾಗಿ ಉಳಿದು ಮೂತ್ರ ಪೂರ್ತಿ ಖಾಲಿಯಾಗದಿರುವುದೂ ಪಿಂಡಗಳನ್ನು ಮೆಲ್ಲಗೆ ಸವೆಸುತ್ತದೆ. ಹೊತ್ತು ನೋಡಿ ಮೂತ್ರ ಮಾಡಿಸುವುದು, ಔಷಧ, ಬೇಕಾದಲ್ಲಿ ಸಣ್ಣ ನಳಿಗೆಯಿಂದ ಮೂತ್ರ ತೆಗೆಯುವುದು, ಇವುಗಳಿಂದ ಪಿಂಡಗಳ ಆಯುಸ್ಸನ್ನು ಹಲವು ವರ್ಷ ಹೆಚ್ಚಿಸಬಹುದು.

ಈ ದೋಷ ಗಂಡುಮಕ್ಕಳಿಗೆ ಮಾತ್ರ ಎಂದೊಡನೆ “ಹಾಗಾದರೆ ಗರ್ಭದಲ್ಲಿರುವುದು ಗಂಡೇ?” ಎಂದು ಸ್ಕ್ಯಾನಿಂಗ್ ಕೋಣೆಯಲ್ಲಿ ಕೇಳುವವರಿದ್ದಾರೆ. 1994ರ ಕಾನೂನಿನ ಮೇರೆಗೆ ಅದನ್ನು ಕೇಳುವುದೂ ಹೇಳುವುದೂ ಅಪರಾಧ. ಮಗುವಿನ ಚಿಕಿತ್ಸೆಗೆ ಬೇಕಾದುದು ಪಿಂಡದ ಅಳತೆಯೇ ಹೊರತು ಮನೆಯವರಿಗೆ ಹುಟ್ಟುವ ಕುತೂಹಲವಲ್ಲ.

ಮೂವತ್ತು ವರ್ಷಗಳ ಅನಂತರ

“ಈಗ ಎಲ್ಲ ಸರಿಯಾಗಿದೆ, ಇನ್ನೇಕೆ ಆಸ್ಪತ್ರೆ?” ಎಂದು ಕೇಳುವವರಿಗೆ ಇಸ್ರೇಲಿನಿಂದ 2018ರಲ್ಲಿ ಬಂದ ಒಂದು ಅಧ್ಯಯನ ಉತ್ತರ ಕೊಡುತ್ತದೆ. ಅಲ್ಲಿ ಸೈನ್ಯಸೇವೆಗೆ ಮುನ್ನ 1967ರಿಂದ 1997ರವರೆಗೆ ವೈದ್ಯಪರೀಕ್ಷೆಗೊಳಗಾದ 15 ಲಕ್ಷಕ್ಕೂ ಮಿಕ್ಕ ಹದಿಹರೆಯದವರ ಮುಂದಿನ ಆರೋಗ್ಯವನ್ನು ಸರಾಸರಿ 30 ವರ್ಷ ಗಮನಿಸಲಾಯಿತು. ಬಾಲ್ಯದಲ್ಲಿ ಮೂತ್ರಪಿಂಡದ ತೊಂದರೆಯಿದ್ದು, ಹರೆಯದ ಹೊತ್ತಿಗೆ ಪಿಂಡಗಳ ಕೆಲಸ ಸಹಜವಾಗಿದ್ದವರಲ್ಲಿಯೂ ಮುಂದೆ ಪಿಂಡಗಳು ಪೂರ್ತಿ ಸೋಲುವ ಸಂಭವ ಉಳಿದವರಿಗಿಂತ ಸುಮಾರು 4 ಪಟ್ಟು ಹೆಚ್ಚಾಗಿತ್ತು. ಹುಟ್ಟಿನಿಂದಲೇ ರಚನಾದೋಷವಿದ್ದವರಲ್ಲಿ ಸುಮಾರು 5 ಪಟ್ಟು.

ಈ ಅಂಕಿಗಳನ್ನು ತೂಗಿ ನೋಡಬೇಕು. ಆ 15 ಲಕ್ಷ ಜನರಲ್ಲಿ ಒಟ್ಟು ಪಿಂಡ ಸೋತವರು ಸುಮಾರು 2,500 ಮಂದಿ. ಅಷ್ಟು ಸಣ್ಣ ಸಂಖ್ಯೆಯ 4 ಪಟ್ಟೂ ದೊಡ್ಡದಲ್ಲ. ಅಲ್ಲದೆ, ಗರ್ಭದ ಸ್ಕ್ಯಾನಿಂಗ್ ಹೆಚ್ಚಾಗಿ ಇಲ್ಲದ ದಿನಗಳಲ್ಲಿ ಹುಟ್ಟಿದವರು ಅವರು. ಅವರ ದೋಷ ಗೊತ್ತಾದುದು ಬಹುಮಟ್ಟಿಗೆ ಕಾಯಿಲೆ ಬಿದ್ದ ಮೇಲೆ. ಇಂದು ಗರ್ಭದಲ್ಲಿ ಅಲ್ಪ ಹಿಗ್ಗುವಿಕೆ ಕಂಡು, ಬೇಗನೆ ಮಾಯವಾದ ಮಗುವನ್ನು ಅವರ ಸಾಲಿಗೆ ಸೇರಿಸಲಾಗದು. ಆದರೆ ಪಿಂಡದಲ್ಲಿ ಕಲೆ ಉಳಿದವರು, ಶಸ್ತ್ರಚಿಕಿತ್ಸೆ ಆದವರು, ಒಂದೇ ಪಿಂಡದ ಮೇಲೆ ಬದುಕುತ್ತಿರುವವರು, ಪೊರೆಯ ದೋಷವಿದ್ದ ಹುಡುಗರು, ಇವರೆಲ್ಲ ವರ್ಷಕ್ಕೊಮ್ಮೆ ರಕ್ತದೊತ್ತಡವನ್ನೂ ಮೂತ್ರದಲ್ಲಿ ಪ್ರೋಟೀನನ್ನೂ ಪರೀಕ್ಷಿಸಿಕೊಳ್ಳುವುದು ಅವಶ್ಯ. ಪಿಂಡ ಸವೆಯುವಾಗ ನೋವು ಕೊಡುವುದಿಲ್ಲ. ಈ ಎರಡು ಸುಲಭ ಪರೀಕ್ಷೆಗಳು ಅದರ ಪರವಾಗಿ ಮಾತನಾಡುತ್ತವೆ. ಇಂತಹ ಹೆಣ್ಣುಮಗಳು ಬೆಳೆದು ತಾಯಿಯಾಗುವಾಗ ತನ್ನ ಬಾಲ್ಯದ ವಿಷಯವನ್ನು ಪ್ರಸೂತಿ ವೈದ್ಯರಿಗೆ ಮೊದಲ ಭೇಟಿಯಲ್ಲಿಯೇ ಹೇಳತಕ್ಕದ್ದು.

ತವರಿನಲ್ಲುಳಿದ ಕಾಗದ

ಈಗ ನಮ್ಮ ಗಡಿನಾಡಿನ ಮನೆಗಳಿಗೆ ವಿಶೇಷವಾಗಿ ಸಲ್ಲುವ ಮಾತು. ಚೊಚ್ಚಲ ಬಾಣಂತನ ತವರಿನಲ್ಲಿ ಎಂಬುದು ನಮ್ಮ ಸಂಪ್ರದಾಯ. ಹೆಣ್ಣು ಕೊಟ್ಟು ತರುವುದು ಗಡಿಯ ಆಚೆಗೂ ಈಚೆಗೂ. ಸೊಸೆಗೆ ಐದನೆಯ ತಿಂಗಳ ಸ್ಕ್ಯಾನಿಂಗ್ ಸೊಲ್ಲಾಪುರದಲ್ಲಾಗಿ, ಹೆರಿಗೆ ತವರಾದ ಕಲಬುರಗಿಯಲ್ಲಾಯಿತು ಎನ್ನೋಣ. ಐದು ತಿಂಗಳ ಕೂಸನ್ನು ಎತ್ತಿಕೊಂಡು ಆಕೆ ಅಕ್ಕಲಕೋಟೆಯ ಗಂಡನ ಮನೆಗೆ ಮರಳುತ್ತಾಳೆ. ಎಂಟನೆಯ ತಿಂಗಳಿನಲ್ಲಿ ಕೂಸಿಗೆ ಜ್ವರ. ನೆಗಡಿಯಿಲ್ಲ, ಕೆಮ್ಮಿಲ್ಲ. ಊರಿನ ವೈದ್ಯರಿಗೆ ಹಿಂದಿನದೇನೂ ಗೊತ್ತಿಲ್ಲ. ಹಲ್ಲು ಬರುವ ಜ್ವರವೆಂದು ಹಿರಿಯರ ಸಮಾಧಾನ. “ಕಿಡ್ನಿಯಲ್ಲಿ ನೀರು” ಎಂದು ಬರೆದ ಕಾಗದ ತವರಿನ ಪೆಟ್ಟಿಗೆಯಲ್ಲಿ ಭದ್ರವಾಗಿದೆ. ಇದು ಊಹೆಯ ಉದಾಹರಣೆ. ಆದರೆ ಯಾವ ಗಡಿಯ ಮನೆಯಲ್ಲಿಯೂ ನಡೆಯಬಹುದಾದುದು.

ಕಾಸರಗೋಡಿನವರು ಮಂಗಳೂರಿಗೆ, ತಾಳವಾಡಿಯವರು ಚಾಮರಾಜನಗರ, ಮೈಸೂರುಗಳಿಗೆ, ಜತ್ತಿನವರು ಮಿರಜ, ವಿಜಯಪುರಗಳಿಗೆ, ಮಡಕಶಿರದವರು ಹಿಂದೂಪುರ, ಬೆಂಗಳೂರುಗಳಿಗೆ ಚಿಕಿತ್ಸೆಗೆ ಹೋಗುವುದು ಹೊಸದಲ್ಲ. ಆದರೆ ದಾರಿ ಸದಾ ತೆರೆದಿರುತ್ತದೆಂದು ನಂಬುವಂತಿಲ್ಲ. 2020ರ ಮಾರ್ಚಿ ಕೊನೆಯಲ್ಲಿ ಕೋವಿಡ್ ಕಾರಣದಿಂದ ತಲಪಾಡಿಯ ಗಡಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗಳನ್ನೇ ನೆಚ್ಚಿದ್ದ ಕಾಸರಗೋಡಿನ ರೋಗಿಗಳು ಪಟ್ಟ ಪಾಡನ್ನು ನಾವು ಮರೆತಿಲ್ಲ. ದೂರದ ತಜ್ಞರನ್ನು ಕಾಣುವುದರ ಜೊತೆಗೆ ಊರಿನ ಮಕ್ಕಳ ವೈದ್ಯರೊಬ್ಬರಿಗೆ ಮಗುವಿನ ಪೂರ್ತಿ ವಿಷಯ ತಿಳಿದಿರಬೇಕು. ವಿಮೆಯ ಕಾರ್ಡಿದ್ದವರು ಅದು ಗಡಿಯಾಚೆಯ ಆ ಆಸ್ಪತ್ರೆಯಲ್ಲಿ ನಡೆಯುತ್ತದೆಯೇ ಎಂದು ಮುಂಚೆಯೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಮನೆಯಲ್ಲಿ ಪಾಲಿಸಬೇಕಾದುದು

ಗರ್ಭದ ಮೊದಲ ವರದಿಯಿಂದ ಹಿಡಿದು ಎಲ್ಲ ಕಾಗದಗಳನ್ನೂ ತಾರೀಕಿನ ಪ್ರಕಾರ ಒಂದೇ ಕಡತದಲ್ಲಿಡಿ. ಮೊಬೈಲಿನಲ್ಲಿ ಅವುಗಳ ಚಿತ್ರ ತೆಗೆದು ತಂದೆ, ತಾಯಿ ಇಬ್ಬರೂ ಇಟ್ಟುಕೊಳ್ಳಿ. ಮೊದಲ ಪುಟದಲ್ಲಿ ಕನ್ನಡದಲ್ಲಿಯೇ ನಾಲ್ಕು ಸಾಲು ಬರೆಯಿರಿ: ಯಾವ ಕಡೆಯ ಪಿಂಡ, ಎಷ್ಟು ಅಳತೆ, ಮುಂದಿನ ಪರೀಕ್ಷೆ ಎಂದು. ಆಗ ಮನೆಯ ಅಜ್ಜಿಯೂ ವೈದ್ಯರಿಗೆ ಉತ್ತರ ಹೇಳಬಲ್ಲಳು.

ಬೇರೆ ಕಾರಣ ಕಾಣದೆ ಮಗುವಿಗೆ ಜ್ವರ ಬಂದರೆ ಎರಡು ದಿನ ಕಾಯುವುದು ಕೂಡದು. ಅಂದೇ ವೈದ್ಯರಲ್ಲಿಗೆ ಹೋಗಿ ಹಿಂದಿನ ವಿಷಯ ತಿಳಿಸಿ. ಆಂಟಿಬಯಾಟಿಕ್ ಕೊಡುವ ಮೊದಲೇ ಮೂತ್ರವನ್ನು ಪರೀಕ್ಷೆಗೆ ತೆಗೆದುಕೊಳ್ಳಲಿ. ಔಷಧ ಕೊಟ್ಟ ಮೇಲೆ ರೋಗಾಣು ಅಡಗಿಕೊಳ್ಳುತ್ತದೆ. ಗಂಡುಮಗು ಮೂತ್ರ ಮಾಡುವಾಗ ಧಾರೆ ದೂರ ಚಿಮ್ಮದೆ ತೊಟ್ಟಿಕ್ಕುವುದು, ಮುಕ್ಕಿರಿಯುವುದು, ಮೂತ್ರದಲ್ಲಿ ರಕ್ತ, ಪಕ್ಕೆನೋವಿನೊಡನೆ ವಾಂತಿ, ಏಳಿಗೆಯಿಲ್ಲದ ಮೈ, ಇವೂ ತಡಮಾಡಬಾರದ ಗುರುತುಗಳು.

ಆರು ತಿಂಗಳ ತನಕ ಕೂಸಿಗೆ ತಾಯಿಯ ಹಾಲೇ ಸಾಕು. ಕಿಡ್ನಿಗೆ ಒಳ್ಳೆಯದೆಂದು ಬಾಳೆದಿಂಡಿನ ರಸ, ಬಾರ್ಲಿ ನೀರು, ಬೇರುಗಳ ಕಷಾಯ ಕುಡಿಸಬೇಡಿ. ದೊಡ್ಡ ಮಕ್ಕಳಿಗೆ ಸಾಕಷ್ಟು ನೀರು ಕುಡಿಸಿ. ಮಲಬದ್ಧತೆ ಇರದಂತೆ ನೋಡಿಕೊಳ್ಳಿ, ಅದರಿಂದಲೂ ಮೂತ್ರದ ಸೋಂಕು ಹೆಚ್ಚುತ್ತದೆ. ಶಾಲೆಯ ಶೌಚಾಲಯ ಚೊಕ್ಕಟವಿಲ್ಲವೆಂದು ಹೆಣ್ಣುಮಕ್ಕಳು ಬೆಳಗಿನಿಂದ ಸಂಜೆಯವರೆಗೆ ಮೂತ್ರ ತಡೆದಿಟ್ಟುಕೊಳ್ಳುವುದುಂಟು. ಅದನ್ನು ಮಗುವಿನ ಹಟವೆಂದು ಬಿಡದೆ ಉಪಾಧ್ಯಾಯರೊಡನೆ ಮಾತನಾಡಿ. ನೋವಿನ ಮಾತ್ರೆಗಳನ್ನು ಅಂಗಡಿಯಿಂದ ತಂದು ಕೊಡುವ ಅಭ್ಯಾಸ ಯಾವ ಮಗುವಿಗೂ ಒಳಿತಲ್ಲ; ಪಿಂಡದ ತೊಂದರೆಯಿರುವ ಮಗುವಿಗಂತೂ ಸಲ್ಲದು.

ಹಿಗ್ಗುವಿಕೆ ಪೂರ್ತಿ ಹೋಯಿತು, ಇನ್ನು ಬರಬೇಕಾಗಿಲ್ಲ ಎಂದು ವೈದ್ಯರೇ ಹೇಳಿದರೆ ಸಂತೋಷದಿಂದ ಮನೆಗೆ ಬನ್ನಿ. ಮತ್ತೆ ಮತ್ತೆ ಸ್ಕ್ಯಾನಿಂಗ್ ಮಾಡಿಸಿ ಮಗುವಿನಲ್ಲಿ ತಾನು ರೋಗಿಯೆಂಬ ಭಾವನೆ ಬೆಳೆಸಬೇಡಿ. ಆದರೆ ಆ ಮಾತು ವೈದ್ಯರ ಬಾಯಿಂದ ಬರಬೇಕು, ಮಗುವಿನ ತುಂಬುಗೆನ್ನೆಯನ್ನು ನೋಡಿ ನಾವಾಗಿಯೇ ಹೇಳಿಕೊಳ್ಳತಕ್ಕದ್ದಲ್ಲ. ಮುಂದಿನ ಪರೀಕ್ಷೆಯ ದಿನವನ್ನು ಗೋಡೆಯ ಪಂಚಾಂಗದಲ್ಲಿ ಹಬ್ಬದ ದಿನದಷ್ಟೇ ಸ್ಪಷ್ಟವಾಗಿ ಗುರುತುಹಾಕಿಡಿ. ಸೊಸೆ ತವರಿಗೆ ಹೊರಡುವಾಗ ತೊಟ್ಟಿಲ ಬಟ್ಟೆಗಳೊಡನೆ ಆ ಕಡತವನ್ನೂ ಕಟ್ಟಿಕೊಡಿ.